ತಡೀಯಪ್ಪ ಇಲಿಯ ಕಾಲು ಅಳೆದದ್ದು

ಹೆತ್ತವರು ಇಟ್ಟ ಹೆಸರು ಅವನಿಗೆ ಬೇರೆಯೇ ಇತ್ತು, ಆದರೆ ಅದು ಯಾರಿಗೂ ಬೇಕಾಗಲಿಲ್ಲ. ಗಡಿಯಾರ ರಿಪೇರಿಗೆಂದು ಬಂದವರು ಎಷ್ಟೇ ಅವಸರ ಮಾಡಲಿ, ತಲೆ ಎತ್ತದೆ "ಸ್ವಲ್ಪ ತಡೀಯಪ್ಪ" ಅನ್ನುತ್ತಿದ್ದ. ಗಂಡಸರಿಗೂ ಹಾಗೇ, ಹೆಂಗಸರಿಗೂ ಹಾಗೇ, ಒಮ್ಮೆ ಬಾಗಿಲಲ್ಲಿ ನಿಂತ ಪೊಲೀಸಿನವನಿಗೂ ಹಾಗೇ ಅಂದಿದ್ದ. ಕೊನೆಗೆ ಬೀದಿಯವರೆಲ್ಲ ಸೇರಿ ಅವನನ್ನೇ ತಡೀಯಪ್ಪ ಮಾಡಿಬಿಟ್ಟರು. ಅವನೂ ಓಗೊಡುತ್ತಿದ್ದ, ಕೊಂಚ ತಡೆದು.

ಅವನ ಅಂಗಡಿ ಅಂದರೆ ಎರಡು ಕಟ್ಟಡಗಳ ನಡುವೆ ಮೇಸ್ತ್ರಿ ಮರೆತು ಬಿಟ್ಟ ಸಂದು. ಒಂದು ಮೇಜು, ಒಂದು ದೀಪ, ಗೋಡೆಯ ತುಂಬ ಒಂದೊಂದು ಒಂದೊಂದು ಹೊತ್ತು ತೋರಿಸುವ ಗಡಿಯಾರಗಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಕೂದಲಿನಂಥ ಸ್ಪ್ರಿಂಗ್ ಹಿಡಿದು ಕೂತನೆಂದರೆ ಅವನಿಗೆ ಊಟದ ನೆನಪೂ ಇರುತ್ತಿರಲಿಲ್ಲ. ಆ ಕೆಲಸದಲ್ಲಿ ಅವನದು ಎತ್ತಿದ ಕೈ. ಆದರೆ ಇಷ್ಟೆಲ್ಲ ಗಟ್ಟಿಯಾಗಿದ್ದ ಮನುಷ್ಯನಿಗೆ ಎರಡು ಕಾಟಗಳಿದ್ದವು. ಒಂದು ಇಲಿ, ಇನ್ನೊಂದು ಅವನ ಬಲಗೈಯ ಹೆಬ್ಬೆರಳು.

ಇಲಿಯ ಕತೆ ಹಳೆಯದು. ಚಿಕ್ಕಂದಿನಲ್ಲಿ ಒಂದು ಇಲಿ ಅವನ ಪ್ಯಾಂಟಿನ ಕಾಲೊಳಗೆ ಹೊಕ್ಕು, ದಾರಿ ತಪ್ಪಿ, ಸೊಂಟದ ಹತ್ತಿರ ಹೊರಗೆ ಬಂದಿತ್ತಂತೆ. ಅಂದಿನಿಂದ ಹುಲಿ ಬಂದರೂ ನೋಡೋಣ, ಇಲಿ ಮಾತ್ರ ಬೇಡ ಅನ್ನುವ ಆಸಾಮಿ. ಅಂಗಡಿಯಲ್ಲಿ ಎಲ್ಲಾದರೂ ಸರಕ್ ಅಂದರೆ ಸಾಕು, ಐವತ್ತು ದಾಟಿದ ಈ ಗಂಡಸು ಸ್ಟೂಲಿನ ಮೇಲಿರುತ್ತಿದ್ದ. ಆಚೆ ಮನೆಯ ಟೈಲರ್ ಪೊರಕೆ ಹಿಡಿದು ಬರುವವರೆಗೂ ಇಳಿಯುತ್ತಿರಲಿಲ್ಲ.

ಹೆಬ್ಬೆರಳಿನದು ಈಚಿನ ಕಾಟ. ದಿನಾ ಬೆಳಿಗ್ಗೆ ಅದರ ಗೆಣ್ಣು ಊದಿ, ಕೆಂಪಾಗಿ, ಮಡಚಲು ಬಾರದೆ ಕೂರುತ್ತಿತ್ತು. ಬಿಸಿನೀರಿನ ಲೋಟದಲ್ಲಿ ಅದನ್ನು ಅದ್ದಿಕೊಂಡು ಕೂತರೆ ಮಧ್ಯಾಹ್ನದ ಹೊತ್ತಿಗೆ ಚಿಮಟ ಹಿಡಿಯುವಷ್ಟು ದಾರಿಗೆ ಬರುತ್ತಿತ್ತು. ಆ ಹೊತ್ತಿನಲ್ಲಿ ಹೆಂಡತಿ ಪಕ್ಕದಲ್ಲಿ ಕೂತು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿ, "ನಿನ್ನೆಗಿಂತ ಇವತ್ತು ಕಮ್ಮಿ ಆಗಿದೆ ಕಣ್ರೀ" ಅನ್ನುತ್ತಿದ್ದಳು. ನಿನ್ನೆಯೂ ಹಾಗೇ ಅಂದಿದ್ದಳು, ಮೊನ್ನೆಯೂ ಅಂದಿದ್ದಳು. ಅವಳು ಹೇಳಿದಷ್ಟು ಕಮ್ಮಿಯಾಗುತ್ತ ಬಂದಿದ್ದರೆ ಇಷ್ಟು ಹೊತ್ತಿಗೆ ಕೈಯಲ್ಲಿ ಹೆಬ್ಬೆರಳೇ ಇರಬಾರದಾಗಿತ್ತು ಎಂದು ತಡೀಯಪ್ಪ ಅಂದುಕೊಳ್ಳುತ್ತಿದ್ದ, ಅಷ್ಟೇ.

ಹೆಂಡತಿ ಅಂಥಿಂಥವಳಲ್ಲ. ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ಹೇಳಿಕೊಟ್ಟು, ತಲೆಯಲ್ಲಿ ಬಿಳಿಕೂದಲು ಬಂದ ಮೇಲೆ, ಇನ್ನು ನಾನೇ ಒಂದಿಷ್ಟು ಕಲಿಯುತ್ತೇನೆ ಅಂತ ಹೊರಟವಳು. ಕಾಲೇಜಿಗೆ ಹೋಗಿ ಸಂಶೋಧನೆಗೆ ಹೆಸರು ಬರೆಸಿಬಂದಳು. ಅಲ್ಲಿ ಅವಳಿಗೆ ಗೈಡ್ ಆಗಿ ಸಿಕ್ಕವಳು ಯಾರು ಅಂತೀರಿ? ಅವಳದೇ ಹಳೆಯ ವಿದ್ಯಾರ್ಥಿನಿ! ಇವಳು ಅವಳನ್ನು "ಮೇಡಂ" ಅನ್ನುವುದು, ಅವಳು ಇವಳನ್ನು "ಟೀಚರ್" ಅನ್ನುವುದು. ಬಾಗಿಲ ಹತ್ತಿರ ನೀವು ಮೊದಲು, ನೀವು ಮೊದಲು ಅನ್ನುತ್ತ ಇಬ್ಬರೂ ನಿಂತು, ಹಿಂದೆ ಬಂದವರೆಲ್ಲ ಕಾಯುವುದು. ಆ ಕಾಲೇಜಿನಲ್ಲಿ ಇದೊಂದು ನಿತ್ಯದ ಆಟವಾಗಿತ್ತು.

ಅವಳು ಹಿಡಿದದ್ದು ಒಂದು ಕಳೆ ಗಿಡ. ತಡೀಯಪ್ಪನ ಅಂಗಡಿಯ ಹಿಂದಿನ ಗೋಡೆಗೇ ಹಬ್ಬಿಕೊಂಡಿದ್ದ ಗಿಡ ಅದು. ಬೇರು ಕೆರೆದರೆ ಒಳಗೆಲ್ಲ ಹಳದಿ, ಮುಟ್ಟಿದವರ ಕೈಯೂ ಹಳದಿ. ಆ ಬೇರಿನಿಂದ ಒಂದೇ ಒಂದು ಅಂಶವನ್ನು ಬೇರೆ ಮಾಡಿ, ಒಣಗಿಸಿ, ಚಿಟಿಕೆ ಪುಡಿ ಮಾಡುವುದಕ್ಕೆ ಅವಳಿಗೆ ಎರಡು ವರ್ಷ ಹಿಡಿಯಿತು. ಆ ಪುಡಿ ಉರಿಯೂತವನ್ನು ಇಳಿಸುತ್ತದೆಯೇ ಇಲ್ಲವೇ ಅನ್ನುವುದೇ ಅವಳ ಪ್ರಶ್ನೆ. ಇಲಿಯ ಹಿಂಗಾಲಿನ ಪಾದಕ್ಕೆ ಕಡಲಪಾಚಿಯಿಂದ ತೆಗೆದ ಒಂದು ದ್ರವವನ್ನು ಸೂಜಿಯಲ್ಲಿ ಕೊಟ್ಟರೆ ಪಾದ ಒಂದೆರಡು ದಿನ ಊದುತ್ತದೆ, ಆಮೇಲೆ ತಾನಾಗಿಯೇ ಇಳಿಯುತ್ತದೆ. ಕೆಲವು ಇಲಿಗಳಿಗೆ ಮೊದಲೇ ಹಳದಿ ಪುಡಿ ಕುಡಿಸಿರುತ್ತಾರೆ, ಕೆಲವಕ್ಕೆ ಅಂಗಡಿಯಲ್ಲಿ ಸಿಗುವ ಊತದ ಮಾತ್ರೆ, ಕೆಲವಕ್ಕೆ ಬರೀ ನೀರು. ಊದಿದ ಪಾದಗಳನ್ನು ಅಳೆದು ಹೋಲಿಸಿದರೆ ಪುಡಿಯ ಬಂಡವಾಳ ಬಯಲಾಗುತ್ತದೆ.

ಅವಳು ಅಳೆದಳು. ಪುಡಿ ಕುಡಿದ ಇಲಿಗಳಲ್ಲಿ ಊತ ಅರ್ಧಕ್ಕರ್ಧ ಕಮ್ಮಿ! ಆ ಸಂಜೆ ಮನೆಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ತಡೀಯಪ್ಪನ ತಾಯಿ, ಸೊಸೆಯ ಮಾತು ಪೂರ್ತಿ ಕೇಳುವ ಮೊದಲೇ ಎದ್ದು ಹೋಗಿ ಅಕ್ಕಪಕ್ಕದ ನಾಲ್ಕು ಮನೆಗೆ ಸುದ್ದಿ ಮುಟ್ಟಿಸಿಬಂದಳು. ಅವಳ ಬಾಯಲ್ಲಿ ಊತ ಅರ್ಧವಲ್ಲ, ಪೂರಾ ಮಾಯವಾಗಿತ್ತು, ಇಲಿಗಳು ಕುಣಿಯುತ್ತಲೂ ಇದ್ದವು.

ಮರುದಿನ ಹೆಂಡತಿ ಕಾಲೇಜಿನಿಂದ ಬಂದವಳು ಚೀಲವನ್ನು ಕೂಡ ಹೆಗಲಿನಿಂದ ಇಳಿಸದೆ ಕುರ್ಚಿಯಲ್ಲಿ ಕೂತಳು. ತಡೀಯಪ್ಪ ಚಹಾ ಮಾಡಿಕೊಟ್ಟ ಮೇಲೆ ಒಂದೊಂದೇ ಮಾತು ಹೊರಟಿತು.

ಗೈಡ್ ಲೆಕ್ಕವನ್ನೆಲ್ಲ ನೋಡಿ ಬಹಳ ಮೆಚ್ಚಿದಳಂತೆ. ಮೆಚ್ಚಿದ ಮೇಲೆ ಅಳೆದವರು ಯಾರೆಂದು ಕೇಳಿದಳಂತೆ. ನಾನೇ ಅಂದದ್ದಕ್ಕೆ, ಯಾವ ಇಲಿ ಏನು ಕುಡಿದಿದೆ ಅಂತ ನಿಮಗೆ ಗೊತ್ತಿತ್ತಾ ಎಂದು ಕೇಳಿದಳಂತೆ. ಇಲಿಗಳಿಗೆ ಬರೀ ನಂಬರ್ ಇತ್ತು, ನನಗೇನೂ ಗೊತ್ತಿರಲಿಲ್ಲ ಅನ್ನಲು ಇವಳು ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ನಿಂತಿತು. ಗೊತ್ತಿತ್ತು! ಪುಡಿ ಕುಡಿದ ಇಲಿಗಳಿಗೆಲ್ಲ ಮೂತಿ ಹಳದಿ, ಮೀಸೆ ಹಳದಿ. ಹಿಟ್ಟು ತಿಂದ ಕಳ್ಳನ ಹಾಗೆ ಅವು ತಮ್ಮ ಗುಟ್ಟನ್ನು ಮುಖದ ಮೇಲೇ ಬರೆದುಕೊಂಡಿದ್ದವು, ಎರಡು ವರ್ಷ ಆ ಹಳದಿಯಲ್ಲೇ ಮುಳುಗಿದ್ದ ಇವಳಿಗೆ ಅದು ಕಂಡೂ ಕಾಣಲಿಲ್ಲ.

"ಆ ಹುಡುಗಿ ಏನಂದಳು ಗೊತ್ತಾ?" ಎಂದಳು. "ಟೀಚರ್, ಉತ್ತರ ನೋಡ್ಕೊಂಡು ಲೆಕ್ಕ ಮಾಡಬಾರದು ಅಂತ ನೀವೇ ಅಲ್ವಾ ನಮಗೆ ಹೇಳಿಕೊಟ್ಟಿದ್ದು ಅಂದಳು."

ತಡೀಯಪ್ಪನಿಗೆ ಸಿಟ್ಟು ಬಂತು. ನೀನೇನು ಸುಳ್ಳು ಅಳೆದೆಯಾ ಎಂದು ಕೇಳಿದ. ಸುಳ್ಳಲ್ಲ, ಆದರೆ ಊದಿದ ಪಾದ ಮೆತ್ತಗೆ, ನಾದಿದ ಹಿಟ್ಟಿನ ಹಾಗಿರುತ್ತದೆ. ದಪ್ಪ ಅಳೆಯುವ ಕ್ಯಾಲಿಪರನ್ನು ಎಳೆಯಷ್ಟು ಬಿಗಿ ಹಿಡಿದರೆ ಅಷ್ಟು ತೆಳು ತೋರಿಸುತ್ತದೆ. ತನ್ನ ಕೈ ಹಳದಿ ಮೂತಿ ಕಂಡಾಗಲೆಲ್ಲ ಬಿಗಿಯಿತೋ ಏನೋ ತನಗೇ ತಿಳಿಯದು ಎಂದಳು. ಒಳಗಿನಿಂದ ತಾಯಿ, "ಹೆತ್ತವರಿಗೆ ಹೆಗ್ಗಣ ಮುದ್ದು" ಅಂದಳು. ಯಾರನ್ನೂ ಚುಚ್ಚಲೆಂದು ಅಂದದ್ದಲ್ಲ, ನಡೆದದ್ದನ್ನು ಅಂದಳು ಅಷ್ಟೇ.

ಮತ್ತೆ ಅಳೆಯಬೇಕು. ಆ ಪುಡಿಯಲ್ಲಿ ನಿಜವಾಗಿ ಗುಣ ಇದೆಯೋ, ಅಥವಾ ಗುಣವೆಲ್ಲ ತನ್ನ ಆಸೆಯಲ್ಲೇ ಇತ್ತೋ ಅನ್ನುವುದು ತಿಳಿಯುವವರೆಗೆ ಅವಳಿಗೆ ಅನ್ನ ಸೇರುವಂತಿರಲಿಲ್ಲ. ಅಳೆಯುವವರು ಪುಡಿಯ ಬಗ್ಗೆ, ಇಲಿಯ ಬಗ್ಗೆ, ಪ್ರಯೋಗದ ಬಗ್ಗೆ ತಲೆಬುಡ ತಿಳಿಯದವರಾಗಿರಬೇಕು, ಆದರೆ ಕೈ ಮಾತ್ರ ಅಲುಗಬಾರದು ಎಂದು ಗೈಡ್ ಹೇಳಿ ಕಳಿಸಿದ್ದಳು. ಏನೂ ಗೊತ್ತಿಲ್ಲದವರು ಎಲ್ಲಿ ಸಿಗುತ್ತಾರೆ ಎಂದು ಅವಳು ಚಿಂತೆ ಮಾಡುತ್ತಿದ್ದಳಂತೆ.

"ನೀನೇನಂದೆ?" ಎಂದ ತಡೀಯಪ್ಪ.

"ನಮ್ಮ ಮನೇಲೇ ಒಬ್ಬರಿದ್ದಾರೆ ಅಂದೆ."

ತಡೀಯಪ್ಪ ಸುತ್ತ ನೋಡಿದ. ತಾಯಿಗೆ ಕಣ್ಣು ಮಂಜು. ಉಳಿದವನು ಒಬ್ಬನೇ. ಅವನಿಗೆ ಕೂತಲ್ಲೇ ಬೆವರು ಕಿತ್ತುಕೊಂಡಿತು. ಬೇಕಾದರೆ ಕಾಲೇಜಿನ ಗಡಿಯಾರವನ್ನೆಲ್ಲ ಪುಕ್ಕಟೆ ರಿಪೇರಿ ಮಾಡಿಕೊಡುತ್ತೇನೆ, ಆನೆಯ ಕಾಲು ಬೇಕಾದರೆ ಅಳೆದುಕೊಡುತ್ತೇನೆ, ಇದೊಂದು ಬೇಡ ಎಂದ. ಅವಳು ಬಲವಂತ ಮಾಡಲಿಲ್ಲ. ಆಯಿತು ಬಿಡಿ ಎಂದು ಎದ್ದು, ಚೀಲವನ್ನು ಮೊಳೆಗೆ ಹಾಕಿ, ಲೋಟ ತೊಳೆಯಲು ಹೋದಳು. ಜಗಳ ಆಡಿದ್ದರೆ ಅವನು ಗೆಲ್ಲುತ್ತಿದ್ದ. ಲೋಟ ತೊಳೆಯುವವಳ ಬೆನ್ನಿನೆದುರು ಯಾವ ಗಂಡಸು ಗೆದ್ದಿದ್ದಾನೆ ಹೇಳಿ?

"ಕಾಲು ಮಾತ್ರ ಕಾಣೋ ಹಾಗಿದ್ರೆ ನೋಡ್ತೀನಿ," ಎಂದ ಅಡಿಗೆಮನೆಯ ಬಾಗಿಲಲ್ಲಿ ನಿಂತು. "ಬಾಲ ಬೇಡ. ಮೀಸೆ ಅಂತೂ ಬೇಡವೇ ಬೇಡ."

ತನಗೆ ತಿಳಿಯದೆಯೇ ಅವನು ದೊಡ್ಡ ಮಾತು ಹೇಳಿದ್ದ. ಮೂತಿ ಕಾಣದಿದ್ದರೆ ಹಳದಿಯೂ ಕಾಣುವುದಿಲ್ಲವಲ್ಲ! ಹೆಂಡತಿ ಒದ್ದೆ ಕೈಯಲ್ಲೇ ಗೈಡಿಗೆ ಫೋನ್ ಮಾಡಿದಳು. ಗೈಡ್ ಕಾಲೇಜಿನ ಪ್ರಾಣಿ ಸಮಿತಿಯ ಒಪ್ಪಿಗೆ ತಂದಳು. ತಾಯಿ ಹಳೆಯ ದಿಂಬಿನ ಚೀಲಗಳನ್ನು ಹರಿದು, ಇಲಿಯ ಅಳತೆಗೆ ಪುಟ್ಟ ಪುಟ್ಟ ಚೀಲ ಹೊಲಿಯಲು ಕೂತಳು. ಬಾಯಿಗೆ ಲಾಡಿ, ಮೂತಿಯ ಕಡೆ ಗಾಳಿಯಾಡಲು ತೆಳು ಬಟ್ಟೆಯ ಎರಡು ಪದರ, ಹಿಂದೆ ಒಂದು ಕಾಲು ಹೊರಬರುವಷ್ಟು ತೂತು. ಕಣ್ಣು ಮಂಜಾದರೂ ಹೊಲಿಗೆಗೆ ಬೆರಳೇ ಸಾಕು ಅನ್ನುವವಳು ಅವಳು. ತೂತಿನ ಸುತ್ತ ಕೆಂಪು ದಾರದಲ್ಲಿ ಅಂಚು ಕೂಡ ಕಟ್ಟಿದಳು. ಇಲಿಗೆ ಯಾಕಮ್ಮ ಇಷ್ಟು ಶೃಂಗಾರ ಎಂದು ಮಗ ಕೇಳಿದ್ದಕ್ಕೆ, ನಾಲ್ಕು ಜನ ನೋಡುವ ಕಡೆ ಹೋಗುತ್ತವೆ, ಇರಲಿ ಎಂದಳು.

ಪ್ರಾಣಿಗಳನ್ನಿಟ್ಟ ಕೋಣೆ ಕಾಲೇಜಿನ ಹಿಂಭಾಗದಲ್ಲಿತ್ತು. ಮರದ ಹೊಟ್ಟು, ಫಿನೈಲು ಮತ್ತು ಇನ್ನೊಂದು ವಾಸನೆ. ಆ ಇನ್ನೊಂದು ಯಾವುದೆಂದು ತಡೀಯಪ್ಪ ಯೋಚಿಸಲು ಹೋಗಲಿಲ್ಲ. ಗೂಡುಗಳ ಸಾಲಿಗೆ ಪರದೆ ಎಳೆದಿದ್ದರು. ಪರದೆಯ ಆಚೆ ನೀರಿನ ಬಾಟಲಿಗಳ ಉಕ್ಕಿನ ತುದಿ ಟಿಕ್ ಟಿಕ್ ಅನ್ನುತ್ತಿತ್ತು. ಅದೊಂದು ಸದ್ದು ಅವನಿಗೆ ಪರಿಚಯದ್ದು, ಅದನ್ನೇ ಹಿಡಿದುಕೊಂಡು ನಿಂತ. ಗೂಡು ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಅಕ್ಕ ಅನ್ನುತ್ತಿದ್ದರು. ದೊಡ್ಡ ಆಳು, ಸಣ್ಣ ದನಿ. ಯಾವ ಇಲಿ ಏನು ಕುಡಿದಿದೆ ಅನ್ನುವುದು ಕುಡಿಸಿದ ಗೈಡಿಗೂ ಚೀಲಕ್ಕೆ ತುಂಬುವ ಅಕ್ಕನಿಗೂ ಮಾತ್ರ ಗೊತ್ತು. ಅಕ್ಕ ಬಾಯಿಗೆ ಬಟ್ಟೆ ಕಟ್ಟಿ, ಚೀಲ ಮುಂದೆ ಹಿಡಿದು, ಬಸ್ಸಿಗೆ ಕಾಯುವವಳ ಹಾಗೆ ಸೂರು ನೋಡುತ್ತ ನಿಂತಳು. ಅಂಕಿ ಬರೆದುಕೊಳ್ಳಲು ಬೇರೆ ವಿಭಾಗದ ಗುಮಾಸ್ತ ಬಂದಿದ್ದ. ಹೆಂಡತಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರು.

ಮೊದಲನೆಯ ಕಾಲು ಹೊರಗೆ ಬಂತು. ತಡೀಯಪ್ಪ ಭೂತಗನ್ನಡಿ ಸಿಕ್ಕಿಸಿಕೊಂಡು, ಉಸಿರು ಹಿಡಿದು ಬಗ್ಗಿದ. ಗುಲಾಬಿ ಬಣ್ಣದ ಪಾದ, ಐದು ಪುಟಾಣಿ ಬೆರಳು, ಒಂದೊಂದಕ್ಕೂ ಒಂದೊಂದು ಉಗುರು. ಬೆರಳುಗಳ ಹಿಂದೆ ಊತ. ಕೆಂಪಗೆ, ಬಿಗಿಯಾಗಿ, ಬಿಸಿಯಾಗಿ. ಅವನು ದಿನಾ ಬೆಳಿಗ್ಗೆ ಲೋಟದಲ್ಲಿ ಅದ್ದುತ್ತಿದ್ದದ್ದು ಇದನ್ನೇ! ಇಲಿ ಅನ್ನುವುದು ಒಂದು ಕ್ಷಣ ಮರೆತೇಹೋಯಿತು. ಪಾಪ, ಇದಕ್ಕೂ ಹೀಗೇ ಸೆಳೆಯುತ್ತದಲ್ಲ ಅನ್ನಿಸಿ, ಮಲಗಿದ ಕೂಸನ್ನು ಮುಟ್ಟುವಷ್ಟು ಹಗುರಾಗಿ ಕ್ಯಾಲಿಪರ್ ಹಿಡಿದು ಅಂಕಿ ಹೇಳಿದ.

ಎರಡು, ಮೂರು ಕಾಲು ಕಳೆದ ಮೇಲೆ ಭಯ ಇಳಿದು, ಅದರ ಜಾಗದಲ್ಲಿ ದುರಾಸೆ ಬಂತು. ಬೆಂಚಿನ ಮೇಲೆ ಕೂತವಳ ಮುಖ ನೆನಪಾಯಿತು. ಯಾವ ಕಾಲು ಹಳದಿಯದು ಅಂತ ಒಂದಿಷ್ಟು ಸುಳಿವು ಸಿಕ್ಕಿದ್ದರೆ, ಎಳೆಯಷ್ಟು ಬಿಗಿ ಮಾಡಿ ಅವಳ ಎರಡು ವರ್ಷವನ್ನು ದಡ ಮುಟ್ಟಿಸಬಹುದಿತ್ತು. ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ ಅವಳಿಗಾಗಿ ಅದಕ್ಕೂ ತಯಾರಾದ. ಅಕ್ಕನ ಕಣ್ಣು ನೋಡಿದ. ಅಕ್ಕ ಸೂರಿನಿಂದ ಕಣ್ಣು ಕೀಳಲಿಲ್ಲ. ಎಲ್ಲ ಕಾಲನ್ನೂ ಒಂದೊಂದು ಎಳೆ ಸಣ್ಣ ಮಾಡಿಬಿಡೋಣವೆಂದರೆ ನೀರು ಕುಡಿದದ್ದೂ ಸಣ್ಣದಾಗಿ ಹೋಲಿಕೆಯೇ ಸತ್ತುಹೋಗುತ್ತದೆ. ಊತ ಕಮ್ಮಿ ಕಂಡದ್ದನ್ನಷ್ಟೇ ಬಿಗಿಯೋಣವೆಂದರೆ ಅದು ಅಂಗಡಿ ಮಾತ್ರೆ ಕುಡಿದ ಇಲಿಯಾಗಿದ್ದರೆ? ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಎದುರಾಳಿಯನ್ನು ಗೆಲ್ಲಿಸಿದ ಹಾಗಾಗುತ್ತದೆ. ಎಷ್ಟು ತಿರುಗಿಸಿ ನೋಡಿದರೂ ಅವಳಿಗೆ ಉಪಕಾರ ಮಾಡಲು ಅವನಿಗೆ ಉಳಿದದ್ದು ಒಂದೇ ದಾರಿ. ಇದ್ದದ್ದನ್ನು ಇದ್ದ ಹಾಗೆ ಅಳೆಯುವುದು. ಇದೊಳ್ಳೆ ಕತೆಯಾಯಿತಲ್ಲ ಎಂದು ಗೊಣಗಿಕೊಂಡು ಮುಂದಿನ ಕಾಲಿಗೆ ಬಗ್ಗಿದ.

ಕೊನೆಗೆ ಎರಡೋ ಮೂರೋ ಉಳಿದಿದ್ದವು. ಆಗ ಒಂದು ಚೀಲದ ಲಾಡಿ ಸಡಿಲಾಯಿತು. ಸರಕ್! ಚೀಲ ಅಕ್ಕನ ಕೈಯಲ್ಲೇ ಉಳಿದು, ಇಲಿ ತಡೀಯಪ್ಪನ ಅಂಗಿ ತೋಳಿನ ಮೇಲೆ ಬಂದು, ಅಲ್ಲಿಂದ ಹೆಗಲಿಗೆ ಹತ್ತಿ, ಕಿವಿಯ ಹತ್ತಿರ ನಿಂತು ಮೂಸಿತು. ಅವನಿಗೆ ಹತ್ತಲು ಅಲ್ಲಿ ಸ್ಟೂಲೂ ಇರಲಿಲ್ಲ. ಇದ್ದ ಒಂದೇ ಉಪಾಯ ಮಾಡಿದ, ಕಣ್ಣೆರಡನ್ನೂ ಬಿಗಿಯಾಗಿ ಮುಚ್ಚಿಕೊಂಡ. ಕ್ಯಾಲಿಪರನ್ನು ಮೇಲೆತ್ತಿ ಹಿಡಿದು, ಕಂಬದಂತೆ ನಿಂತು, "ಸ್ವಲ್ಪ ತಡೀಯಪ್ಪ... ಸ್ವಲ್ಪ ತಡೀಯಪ್ಪ..." ಎಂದು ಇಲಿಗೇ ಹೇಳತೊಡಗಿದ. ಹೇಳಿದರೆ ನಂಬುವುದಿಲ್ಲ, ಇಲಿ ತಡೆಯಿತು. ಅಕ್ಕ ಮೆಲ್ಲಗೆ ಎತ್ತಿಕೊಂಡು ಪರದೆಯ ಆಚೆ ಒಯ್ದಳು.

ಗದ್ದಲ ಕೇಳಿ ಓಡಿಬಂದ ಗೈಡಿನ ಮುಖದಲ್ಲಿ ರಕ್ತವಿರಲಿಲ್ಲ. ಇವನು ಮೂತಿ ನೋಡಿಬಿಟ್ಟಿದ್ದರೆ, ಹಳದಿ ಇತ್ತೋ ಇಲ್ಲವೋ ತಿಳಿದುಬಿಟ್ಟಿದ್ದರೆ, ಆ ಚೀಲದ ಅಂಕಿ ಕೆಟ್ಟಂತೆ. ಇಲಿಗಳು ಇದ್ದದ್ದೇ ಕೆಲವು, ಒಂದು ಬಿಟ್ಟರೂ ಲೆಕ್ಕ ಕುಂಟುತ್ತದೆ. ಬಾಗಿಲಲ್ಲಿ ಹೆಂಡತಿಯೂ ಬಂದು ನಿಂತಿದ್ದಳು, ಒಳಗೆ ಕಾಲಿಡದೆ.

"ಅದರ ಮುಖ ನೋಡಿದ್ರಾ?" ಎಂದಳು ಗೈಡ್.

"ನೋಡೋದಾ?" ಎಂದ ತಡೀಯಪ್ಪ, ಇನ್ನೂ ಕಣ್ಣು ಮುಚ್ಚಿಕೊಂಡೇ. "ಮೊದಲು ಅದು ಹೋಯ್ತಾ ಹೇಳಮ್ಮ, ಆಮೇಲೆ ಕಣ್ಣು ಬಿಡ್ತೀನಿ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಸೂರು ನೋಡಿ ನೋಡಿ ಹಿಡಿದಿಟ್ಟದ್ದೆಲ್ಲ ಒಟ್ಟಿಗೆ ಹೊರಬಂತು. ಈ ಅಣ್ಣ ಇಲಿ ಇಳಿದ ಮೇಲೂ ಕಣ್ಣು ಬಿಟ್ಟಿಲ್ಲ, ಬೇಕಾದರೆ ಎಲ್ಲಿ ಹೇಳಿದರೆ ಅಲ್ಲಿ ಸಾಕ್ಷಿ ಹೇಳುತ್ತೇನೆ ಎಂದಳು. ಗುಮಾಸ್ತ ನಕ್ಕ, ಗೈಡ್ ಗೋಡೆಗೆ ಒರಗಿ ನಕ್ಕಳು. ಜೀವಮಾನವಿಡೀ ನಗೆಪಾಟಲಾಗಿದ್ದ ಅವನ ಹೆದರಿಕೆ ಆ ದಿನ ಪ್ರಯೋಗವನ್ನು ಕಾಪಾಡಿತು. ಇಲಿ ಮತ್ತೆ ಚೀಲದಲ್ಲಿ ಬಂತು, ಅವನು ಅದರ ಕಾಲನ್ನೂ ಅಳೆದ.

ಸಂಜೆ ಗೈಡ್ ತನ್ನ ಕೋಣೆಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು, ಯಾವ ಚೀಲದಲ್ಲಿ ಯಾರಿದ್ದರೆಂದು ಒಂದೊಂದಾಗಿ ಹೇಳುತ್ತ ಹೋದಳು. ಹೆಂಡತಿ ಲೆಕ್ಕ ಹಾಕಿದಳು. ತಡೀಯಪ್ಪನಿಗೆ ಅಂಕಿ ಬೇಕಿರಲಿಲ್ಲ, ಅವಳ ಹುಬ್ಬು ಸಾಕಿತ್ತು. ಹುಬ್ಬು ಗಂಟಿಕ್ಕಿತು, ಅವಳು ಮತ್ತೆ ಮೊದಲಿಂದ ಕೂಡಿಸಿದಳು. ಅಂಗಡಿ ಮಾತ್ರೆ ಎಲ್ಲಕ್ಕಿಂತ ಮುಂದಿತ್ತು. ಪುಡಿ ಕುಡಿದ ಇಲಿಗಳಲ್ಲಿ ಊತ ಕಮ್ಮಿ ಇತ್ತು, ಆದರೆ ಅರ್ಧದಷ್ಟಲ್ಲ. ಮೂರರಲ್ಲಿ ಒಂದು ಪಾಲು.

ತಡೀಯಪ್ಪ ಕುರ್ಚಿಯ ತುದಿಗೆ ಸರಿದ. "ನಾನೇನಾದ್ರೂ ಕೆಡಿಸಿದ್ನಾ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತಾ?" ಎಂದು ಕೇಳಿದ.

ಅವಳು ತಲೆ ಎತ್ತಿದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಇಲಿ ಹಿಡಿಯೋಕೇ ಅಲ್ವೇನ್ರೀ ಬೆಟ್ಟ ಅಗೆದಿದ್ದು? ಸಿಕ್ಕಿದೆ! ನಾನು ಅರ್ಧ ಅಂದಿದ್ದೆನಲ್ಲ, ಅದರಲ್ಲಿ ನನ್ನ ಆಸೆಯೂ ಸೇರಿತ್ತು. ಇದು ಬರೀ ಬೇರಿಂದು. ಇದನ್ನ ಇನ್ಯಾರು ಬಂದು ಅಳೆದರೂ ನನ್ನ ಕೈಯಿಂದ ಕಿತ್ಕೊಳ್ಳೋಕಾಗಲ್ಲ."

ಗೈಡ್ ಎದ್ದು ನಿಂತು, ಇನ್ನು ಬರೆಯಲು ಶುರುಮಾಡಿ ಟೀಚರ್ ಎಂದಳು. ಹೊರಗೆ ಹೊರಡುವಾಗ ಬಾಗಿಲಲ್ಲಿ ಇಬ್ಬರೂ ಮತ್ತೆ ನೀವು ಮೊದಲು, ನೀವು ಮೊದಲು ಎಂದು ನಿಂತರು. ತಡೀಯಪ್ಪ ಇಬ್ಬರ ನಡುವೆ ನುಸುಳಿ ಮೊದಲು ಹೋದ. ಅವನಿಗೆ ಆ ಕಟ್ಟಡದಿಂದ ಬೇಗ ಹೊರಬೀಳಬೇಕಿತ್ತು.

ದಾರಿಯಲ್ಲಿ ಅವನು, ಹಾಗಾದರೆ ನನ್ನ ಬೆರಳಿಗೆ ಆ ಪುಡಿ ಯಾವಾಗ ಎಂದು ಕೇಳಿದ. ಇಲಿಗೆ ಆದದ್ದು ಮನುಷ್ಯರಿಗೆ ಆಗುತ್ತದೆ ಅಂತಿಲ್ಲ, ಅದಕ್ಕೆ ಇನ್ನೂ ಎಷ್ಟೋ ಜನ, ಎಷ್ಟೋ ವರ್ಷ ಬೇಕು, ಅಲ್ಲಿಯವರೆಗೆ ಡಾಕ್ಟರ್ ಕೊಟ್ಟ ಮಾತ್ರೆ ಮತ್ತು ಬಿಸಿನೀರು ಎಂದಳು. ಈ ಮನೆಯಲ್ಲಿ ನನಗಿಂತ ಇಲಿಗೇ ಹೆಚ್ಚು ಉಪಚಾರ ಎಂದು ಅವನು ಗೊಣಗಿದ. ಅಷ್ಟರಲ್ಲಿ ತಾಯಿ ಬೀದಿಯ ತುದಿಗೇ ಬಂದು ನಿಂತಿದ್ದಳು. ಮೂರರಲ್ಲಿ ಒಂದು ಪಾಲು ಎಂದು ಸೊಸೆ ಎರಡು ಸಲ ಒತ್ತಿ ಹೇಳಿದರೂ, ನಾಲ್ಕು ಮನೆ ದಾಟುವ ಹೊತ್ತಿಗೆ ಊತ ಮತ್ತೆ ಪೂರಾ ಮಾಯವಾಗಿತ್ತು.

ಮರುದಿನ ಬೆಳಿಗ್ಗೆ ಹೆಬ್ಬೆರಳು ಎಂದಿನಂತೆ ಊದಿಕೊಂಡೇ ಎದ್ದಿತು. ಅವನು ಲೋಟದ ಮುಂದೆ ಕೂತ. ಹೆಂಡತಿ ಪಕ್ಕಕ್ಕೆ ಬಂದು, ಬೆರಳನ್ನು ನೀರಿನಿಂದ ಎತ್ತಿ, ಸೆರಗಿನಲ್ಲಿ ಒರೆಸಿ, ಆಚೆ ಈಚೆ ತಿರುಗಿಸಿ ನೋಡಿದಳು.

"ನಿನ್ನೆಗಿಂತ ಇವತ್ತು ಕಮ್ಮಿ..." ಎಂದವಳು ಅಲ್ಲಿಗೇ ನಿಂತಳು. ಅವನ ಮುಖ ನೋಡಿದಳು. ಪೆಚ್ಚಾಗಿ, ಎದ್ದು ಹೋಗಿ, ಅವನ ಅಂಗಡಿ ಚೀಲದಿಂದ ಕ್ಯಾಲಿಪರ್ ತಂದಳು.

ತಡೀಯಪ್ಪ ಕೈ ಹಿಂದಕ್ಕೆ ಎಳೆದುಕೊಂಡ. ಇಷ್ಟು ದಿನದ ಕಮ್ಮಿ, ಕಮ್ಮಿ, ಕಮ್ಮಿಯೆಲ್ಲ ಎಲ್ಲಿಂದ ಬಂತೆಂದು ಅವನಿಗೆ ಈಗ ಗೊತ್ತಿತ್ತು. ಒಳಗೊಳಗೇ ಖುಷಿಯಾಯಿತು.

"ನೀನು ಅಳೀಬೇಡ," ಎಂದ. "ನಿನ್ನ ಅಳತೆ ನಂಬೋ ಹಾಗಿಲ್ಲ."

"ಹಾಗಾದ್ರೆ ಅಮ್ಮನ್ನ ಕರೀಲಾ?"

"ಅಮ್ಮ ಅಳೆದ್ರೆ ಬೆರಳೇ ಇರಲ್ಲ!"

ಒಳಗಿನಿಂದ ತಾಯಿ ಏನು ಏನು ಎಂದು ಕೂಗಿ ಕೇಳಿದಳು. ತನ್ನ ಹೆಬ್ಬೆರಳನ್ನು ಸರಿಯಾಗಿ ಅಳೆಯಬಲ್ಲವರು ಈ ಮನೆಯಲ್ಲಿ ಒಬ್ಬರೂ ಇಲ್ಲವಲ್ಲ ಎಂದುಕೊಳ್ಳುತ್ತ ತಡೀಯಪ್ಪ ಅದನ್ನು ಮತ್ತೆ ಬಿಸಿನೀರಿಗೆ ಇಳಿಸಿದ.